ಶನಿವಾರ ಬಂದ ದ್ರಾಕ್ಷಿ ಎಣ್ಣೆ

೨೭-೨-೧೯೭೯, ಮಂಗಳವಾರ

ಇವತ್ತೂ ತಾರಸಿ ಮೇಲೆ ಪಂಚೆ ಒಣಹಾಕಲು ಜಾಗವಿಲ್ಲ. ಎಲ್ಲೆಲ್ಲೂ ದ್ರಾಕ್ಷಿ ಹಿಪ್ಪೆ. ಶಿರಾ ಗೇಟ್ ಹತ್ತಿರದ ಜ್ಯೂಸ್ ಫ್ಯಾಕ್ಟರಿಯಲ್ಲಿ ರಸ ಹಿಂಡಿ ಎಸೆದದ್ದು. ನನ್ನ ಹೆಂಡತಿ ಉಮಾಮಹೇಶ್ವರಿ ಅಲ್ಲಿ ಸೀಸೆಗೆ ಲೇಬಲ್ ಅಂಟಿಸುತ್ತಾಳೆ. ಸಂಜೆ ಬರುವಾಗ ಚೀಲ ತುಂಬ ಹೊತ್ತು ತರುತ್ತಾಳೆ. ಒಣಗಿಸಿ, ಉಜ್ಜಿ, ಮೊರದಲ್ಲಿ ಕೇರಿ ಬೀಜ ಬೇರೆ ಮಾಡುತ್ತಾಳೆ. ಸದಾಶಿವನಗರದ ನೊಣಗಳೆಲ್ಲ ಈಗ ನಮ್ಮ ನೆಂಟರು.

ಒಂದು ಬೀಜ ಜಜ್ಜಿ ಪೇಪರ್ ಮೇಲೆ ಒತ್ತಿ ತೋರಿಸಿದಳು. ಜಿಡ್ಡಿನ ಕಲೆ.

"ನೋಡ್ರೀ, ಎಣ್ಣೆ ಐತೆ ಇದ್ರಲ್ಲಿ!"

ತಲೆ ಕೆಟ್ಟಿದೆ ಅಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ — ಅಮ್ಮ ಆಗಲೇ ಹೇಳಿಯಾಗಿತ್ತು.

೪-೩, ಭಾನುವಾರ

ಬೀಜದ ಮೂಟೆ ಬಸ್ಸಿನ ಟಾಪ್‌ಗೆ ಹಾಕಿಸಿ ಗುಬ್ಬಿಗೆ ಹೋದೆವು. ದಾಸಯ್ಯನ ಎತ್ತಿನ ಗಾಣ. ಮಧ್ಯಾಹ್ನದವರೆಗೂ ಎತ್ತು ಸುತ್ತಿತು... ಬಂದದ್ದು ಬರೀ ಪುಡಿ. ಬೀಜ ಅಷ್ಟು ಗಟ್ಟಿ. ದಾಸಯ್ಯನಿಗೆ ಪಾಪ ಅನ್ನಿಸಿತು.

"ಒಸಿ ಹುಚ್ಚೆಳ್ಳು ಸೇರ್ಸ್ಬುಡವ್ವ. ಎಣ್ಣೆ ದಂಡಿಯಾಗ್ ಬತ್ತದೆ. ಯಾರ್ಗ್ ಗೊತ್ತಾಯ್ತದೆ?"

ನಾನು ಆಗಲಿ ಅಂತ ತಲೆಯಾಡಿಸಿಬಿಟ್ಟೆ.

"ನಂಗೇ ಗೊತ್ತಾಯ್ತದಲ್ಲ ದಾಸಣ್ಣ," ಅಂದಳು ಉಮಾ.

ನಾನಾಗಿದ್ದರೆ ಹುಚ್ಚೆಳ್ಳು ಸುರಿದು, ಮನೆಗೆ ಬಂದು, ಆರಾಮಾಗಿ ಮಲಗುತ್ತಿದ್ದೆ. ಇವಳನ್ನು ಕಂಡರೆ ಹೆಮ್ಮೆ. ಸ್ವಲ್ಪ ಭಯ ಕೂಡ.

೧೨-೩, ಸೋಮವಾರ

ಬರೆಯಲು ಪುರುಸೊತ್ತಿಲ್ಲ. ಮನೆಯಲ್ಲಿ ಸಂಜೆಯಿಂದ ನಡುರಾತ್ರಿವರೆಗೂ ಒನಕೆ ಸದ್ದು. ಬೀಜ ತರಿತರಿಯಾಗಿ ಕುಟ್ಟಿ, ಬಿಸಿನೀರು ಚಿಮುಕಿಸಿದರೆ ಜಿಡ್ಡು ಬಿಡುತ್ತದೆ ಅಂತ ಉಮಾ ತಾನೇ ಕಂಡುಕೊಂಡಿದ್ದಾಳೆ. ಅಂಗೈ ತುಂಬ ಬೊಬ್ಬೆ. ನಿನ್ನೆ ನಾನೂ ಒನಕೆ ಹಿಡಿದೆ. ಅಮ್ಮನಿಗೆ ನಗು ತಡೆಯಲಾಗಲಿಲ್ಲ.

ಇವತ್ತು ಫ್ಯಾಕ್ಟರಿ ಓನರ್ ವೆಂಕಟರಂಗಯ್ಯನವರು ಅವಳನ್ನು ಕರೆಸಿದ್ದರಂತೆ. "ಕುಣಿಗಲ್ ಇಟ್ಟಿಗೆ ಗೂಡಿನೋರು ಹಿಪ್ಪೆನೆಲ್ಲ ಕೇಳ್ತಾವ್ರೆ, ಉರಿಸಕ್ಕೆ. ಬರೋ ಸೋಮವಾರ ಒಂದ್ ಸೀಸೆ ಎಣ್ಣೆ ತೋರ್ಸಮ್ಮ. ತೋರ್ಸಿದ್ರೆ ಬೀಜ ನಿಂದು, ಎಣ್ಣೆ ಕೆಲ್ಸನೂ ನಿಂದೇ. ಇಲ್ದಿದ್ರೆ ಲೇಬಲ್ ಅಂಟಿಸ್ಕೊಂಡಿರು."

ಉಮಾ ಸರಿಯಾಗಿ ಊಟ ಮಾಡಲಿಲ್ಲ. "ನಂದು ಅಂತ ಒಂದ್ ಕೆಲ್ಸ ಕಣ್ರೀ..." ಅಂದಳು. ಅಷ್ಟೇ.

೧೭-೩, ಶನಿವಾರ, ಸಂಜೆ

ಬಂತು! ಕುಟ್ಟಿದ ಬೀಜ ಮತ್ತೆ ಗುಬ್ಬಿಗೆ ಒಯ್ದಿದ್ದೆವು. ಮೊದಲು ಗಾಣದ ಬಾಯಲ್ಲಿ ಒಂದು ತೊಟ್ಟು. ಆಮೇಲೆ ಸಣ್ಣಗೆ ದಾರದ ಹಾಗೆ. ಇದ್ದ ಬೀಜಕ್ಕೆಲ್ಲ ಒಂದೇ ಸೀಸೆ. ತಿಳಿಹಸಿರು. ದಾಸಯ್ಯ ಎತ್ತಿನ ಬೆನ್ನು ತಟ್ಟಿದ. ನಾನು ಯಾರ ಬೆನ್ನು ತಟ್ಟಬೇಕಿತ್ತೋ ತಟ್ಟಲಿಲ್ಲ — ಜನ ಇದ್ದರು.

ಮನೆ ಬಾಗಿಲಲ್ಲಿ ಅಮ್ಮ ಅಡ್ಡ ನಿಂತಳು. "ಶನಿವಾರ ಎಣ್ಣೆ ಒಳಕ್ಕ್ ತರ್ತಾರೇನ್ಲಾ?"

"ಕೊಂಡಿದ್ದಲ್ಲ ಅತ್ತೆ, ನಾನೇ ತೆಗ್ಸಿದ್ದು."

"ಶನಿದೇವ್ರಿಗೆ ಬಿಲ್ ತೋರುಸ್ತೀಯಾ?"

ಸೀಸೆ ಕಾಂಪೌಂಡ್ ಗೋಡೆ ಮೇಲೆ ಕೂತಿದೆ. ನಾಳೆ ಒಳಗೆ.

೧೮-೩, ಭಾನುವಾರ

ಸೀಸೆ ಇಲ್ಲ!

ಪಕ್ಕದ ಮನೆ ಹನುಮಂತಮ್ಮ ನಗುನಗುತ್ತಾ ಖಾಲಿ ಸೀಸೆ ತಂದುಕೊಟ್ಟರು. "ಶನಿವಾರ ಎಣ್ಣೆ ಹೊರಗಿಟ್ಟವ್ರೆ ಅಂದ್ರೆ ಆಂಜನೇಯನ ದೀಪಕ್ಕೇ ಅಂದ್ಕಂಡೆ ಕಣವ್ವ. ಗುಡಿಗ್ ಹೋಗೋವಾಗ ತಗಂಡೋಗಿ ಪೂರ್ತಿ ಹುಯ್ದ್ಬುಟ್ಟೆ."

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಉಮಾ ಖಾಲಿ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಕೇಳಿದಳು —

"ಹೊಗೆ ಬಂತಾ ಹನುಮಂತಮ್ಮ?"

"ಇಲ್ಲವ್ವ. ಈಗ್ಲೂ ಉರೀತಾನೇ ಐತೆ."

ಎಂಥ ಹೆಂಗಸಪ್ಪ ಇವಳು!

೧೯-೩, ಸೋಮವಾರ, ಸಂಜೆ

ಬೆಳಿಗ್ಗೆ ಉಮಾ ವೆಂಕಟರಂಗಯ್ಯನವರನ್ನು ಸೀದಾ ಗುಡಿಗೆ ಕರೆತಂದಳು. ನಾನೂ ಅಮ್ಮನೂ ಅಲ್ಲೇ ಕಾಯುತ್ತಿದ್ದೆವು. ದೊಡ್ಡ ನಂದಾದೀಪ. ಎಣ್ಣೆ ಇನ್ನೂ ಅರ್ಧ ಇತ್ತು. ಅವರು ಬೆರಳು ಅದ್ದಿ ಮೂಸಿದರು. ಹುಚ್ಚೆಳ್ಳಿನ ವಾಸನೆ ಹುಡುಕಿದರು ಅಂತ ಕಾಣುತ್ತೆ. ಸಿಗಲಿಲ್ಲ. ಆದರೂ ಅನುಮಾನ. "ಗುಡಿ ಎಣ್ಣೆ ಅಲ್ಲ ಅನ್ನೋದಕ್ಕೆ ಸಾಕ್ಷಿ?"

ಅಮ್ಮ ಮುಂದೆ ಬಂದು ದೀಪದ ಮೇಲೆ ಕೈ ಹಿಡಿದಳು. "ನಾನೇ ಸ್ವಾಮಿ ಸಾಕ್ಷಿ. ಒಳಕ್ಕ್ ಬಿಡ್ದೆ ಹೊರಗಿಡ್ಸಿದ್ದೋಳು ನಾನೇ. ಇದು ನನ್ ಸೊಸೆ ತೆಗ್ದ ಎಣ್ಣೆ."

ಹನುಮಂತಮ್ಮ ಹುಯ್ಯುವ ಮೊದಲು ದೀಪ ತೊಳೆದು ಬರಿದು ಮಾಡಿದ್ದೆ, ಆಮೇಲೆ ಬೇರೆ ಎಣ್ಣೆ ಹಾಕಿಲ್ಲ ಅಂತ ಪೂಜಾರರೂ ಅಂದರು. ವೆಂಕಟರಂಗಯ್ಯನವರು ಬೆರಳು ತಲೆಗೆ ಒರೆಸಿಕೊಂಡು ಉಮಾಳ ಕಡೆ ತಿರುಗಿದರು. "ಹಿಪ್ಪೆ ಲಾರಿ ಎಲ್ಲಿಗ್ ಕಳಿಸ್ಲಮ್ಮ?"

ಉಮಾಳ ಬೆನ್ನು ತಟ್ಟಿದೆ. ಜನ ಇದ್ದರು. ಇರಲಿ.

ಬೀದಿಯಲ್ಲಿ ಹಾರ್ನ್. ಲಾರಿ ಬಂದೇಬಿಟ್ಟಿತಾ? ಉಮಾ ಕೂಗುತ್ತಿದ್ದಾಳೆ — ತಾರಸಿ ಮೇಲಿರೋ ಪಂಚೆ ಬೇಗ ತೆಗೀರಿ ಅಂತ. ಬಂದೆ ಕಣೇ, ಬಂ