ಜೋಡಿ ಮಡಚಿದ ಬಟ್ಟೆ

ಹೊಲಿಗೆ ಅಂಗಡಿ,
ಬುಧವಾರ, ಜೂನ್ ೪

ಪ್ರೀತಿಯ ಮಗಳೇ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಆಸ್ಪತ್ರೆಯಲ್ಲಿ ಕಂಡವರನ್ನೆಲ್ಲ ಎತ್ತಿ ಮಲಗಿಸುವ ನರ್ಸಮ್ಮನಿಗೆ ತನ್ನ ಸೊಂಟಕ್ಕೆ ಮುಲಾಮು ಹಚ್ಚಿಕೊಳ್ಳಲು ಪುರುಸೊತ್ತಿಲ್ಲವೆಂದರೆ ಯಾರಾದರೂ ನಗುತ್ತಾರೆ. ಹೊತ್ತಿಗೆ ಸರಿಯಾಗಿ ಉಣ್ಣು. ನಾನು ಗಟ್ಟಿಯಾಗಿದ್ದೇನೆ. ಸೂಜಿಗೆ ದಾರ ಪೋಣಿಸುವಾಗ ಮಾತ್ರ ಕಣ್ಣು ಕೈಕೊಡುತ್ತದೆ, ಆಗ ನಿನ್ನ ಅವಳಿಗಳಲ್ಲಿ ಯಾರಾದರೊಬ್ಬರು ಓಡಿಬರುತ್ತಾರೆ. ಫೋನಿನಲ್ಲಿ ಹೇಳೋಣವೆಂದರೆ ಇಬ್ಬರೂ ನನ್ನ ಕಿವಿಗೆ ಕಿವಿ ಅಂಟಿಸಿಕೊಂಡು ನಿಂತಿರುತ್ತಾರೆ, ಅದಕ್ಕೇ ಈ ಪತ್ರ.

ಸೋಮವಾರ ಆದದ್ದನ್ನು ನೆನೆದರೆ ಈಗಲೂ ದಿಕ್ಕು ತೋಚುವುದಿಲ್ಲ ಕಣೇ. ಸರಕಾರ ವೋಚರ್ ಕೊಡುತ್ತದೆ, ಅದನ್ನು ಯಾವ ಶಾಲೆಗೆ ಕೊಟ್ಟರೂ ಮಕ್ಕಳ ಫೀಸು ಸರಕಾರದ್ದೇ ಎಂದು ನೀನು ಕುಣಿದಾಗ ನಾನೂ ಕುಣಿದೆ. “ನಮ್ಮ ಮಕ್ಕಳ ಶಾಲೆ ನಾವೇ ಆರಿಸ್ತೀವಮ್ಮ, ಅದ್ರಲ್ಲಿ ತಪ್ಪೇನು?” ಅಂದೆಯಲ್ಲ, ತಪ್ಪೇನೂ ಇಲ್ಲ. ನಮ್ಮ ಬೀದಿಯ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರಿಲ್ಲದೆ ವರ್ಷವಾಯಿತು, ಲೆಕ್ಕದ ಪಾಠದ ಹೊತ್ತಿನಲ್ಲಿ ಮಕ್ಕಳು ಕಿಟಕಿಯಾಚೆ ನೋಡುತ್ತಾ ಕೂತಿರುತ್ತಾರೆ. ಅಲ್ಲಿನ ಟೀಚರಮ್ಮ ಕೋಟಿನ ತೋಳು ಕಿರಿದು ಮಾಡಿಸಲು ಬಂದವರು, “ಎಲ್ಲರೂ ಹೀಗೆ ಬಿಟ್ಟು ಹೋದ್ರೆ ಉಳಿದ ಮಕ್ಕಳ ಗತಿ ಏನಮ್ಮ?” ಎಂದರು. ನಾನು ಸುಮ್ಮನಿರುವ ಪೈಕಿಯೇ? “ನಿಮ್ಮ ಶಾಲೆ ಉಳಿಸೋಕೆ ನನ್ನ ಮೊಮ್ಮಕ್ಕಳು ಹುಟ್ಟಿಲ್ಲ” ಎಂದು ಮುಖಕ್ಕೆ ಹೊಡೆದಂತೆ ಹೇಳಿ ಕಳಿಸಿದೆ.

ಅಷ್ಟಕ್ಕೇ ನಿಂತೆನೇ? ಹೊಸ ಶಾಲೆಯ ಯೂನಿಫಾರಂ ಬಟ್ಟೆ ತಂದು ಮೊದಲೇ ಹೊಲಿದಿಟ್ಟೆ. ನನ್ನ ಪದ್ಧತಿ ನಿನಗೆ ಗೊತ್ತಲ್ಲ, ದೊಡ್ಡವಳ ಅಳತೆ ತೆಗೆದು, ಬಟ್ಟೆಯನ್ನು ಜೋಡಿ ಮಡಚಿ ಒಂದೇ ಸಲ ಕತ್ತರಿ ಹಾಕಿದರೆ ಚಿಕ್ಕವಳದೂ ಆಯಿತು. ಹೊರಗಿನವರೆದುರು ಚಿಕ್ಕವಳು ಬಾಯಿ ಬಿಡುವುದಿಲ್ಲ, ಅವಳ ಪಾಲಿನ ಮಾತನ್ನೂ ದೊಡ್ಡವಳೇ ಆಡಿಬಿಡುತ್ತಾಳೆ. ಒಬ್ಬಳನ್ನು ಒಪ್ಪಿದರೆ ಇಬ್ಬರನ್ನೂ ಒಪ್ಪಿದಂತೆ ಎಂದೇ ನಾನು ನಂಬಿದ್ದೆ. ಸೋಮವಾರ ಹೊಸ ಶಾಲೆಯ ಸಂದರ್ಶನಕ್ಕೆ ಹೋದರೆ ಇಬ್ಬರನ್ನೂ ಬೇರೆ ಬೇರೆ ಕೋಣೆಗೆ ಕರೆದರು! ಗಾಜಿನ ಬಾಗಿಲಿನಾಚೆ ಚಿಕ್ಕವಳು ಕುರ್ಚಿಯ ತುದಿಯಲ್ಲಿ ಕೂತು, ಅಕ್ಕ ಈಗ ಬಂದಾಳು ಆಗ ಬಂದಾಳು ಎಂದು ಬಾಗಿಲನ್ನೇ ನೋಡುತ್ತಿದ್ದಳು. ಹೆಸರು ಕೇಳಿದರೂ ಹೇಳಲಿಲ್ಲವಂತೆ. ಆಮೇಲೆ ಪ್ರಿನ್ಸಿಪಾಲರು ನನ್ನನ್ನು ಕರೆದು, ದೊಡ್ಡವಳಿಗೆ ಸೀಟಿದೆ, ಚಿಕ್ಕವಳಿಗಿಲ್ಲ ಎಂದರು. ವೋಚರ್ ಇಬ್ಬರಿಗೂ ಇದೆಯಲ್ಲ ಸಾರ್, ಆರಿಸುವವರು ನಾವಲ್ಲವೇ ಎಂದೆ. “ಆರಿಸೋ ಹಕ್ಕು ನಿಮ್ಮದೇ ಅಮ್ಮ, ಸೀಟು ಮಾತ್ರ ನಮ್ಮದು” ಎಂದರು, ಅದೂ ನಗುನಗುತ್ತಾ. ಬಜಾರಿ ಎಂದು ಬೀದಿಗೆಲ್ಲ ಹೆಸರಾದ ನಿನ್ನ ಅಮ್ಮ ಇಬ್ಬರ ಕೈ ಹಿಡಿದುಕೊಂಡು ಹೊರಟುಬಂದಳು. ಮನೆಗೆ ಹೇಗೆ ಬಂದೆನೋ ನನಗೇ ಗೊತ್ತಿಲ್ಲ.

ಮಾರನೆಯ ಬೆಳಗ್ಗೆ ನೋಡಿದರೆ ಚಿಕ್ಕವಳು ಹೊಸ ಯೂನಿಫಾರಂ ತೊಟ್ಟು ಬಂದು, ಕಾಲರ್ ಸರಿಮಾಡು ಎಂದು ನನ್ನ ಮುಂದೆ ಕುತ್ತಿಗೆ ಚಾಚಿದಳು. ಅವಳಿಗೆ ಯಾರೂ ಹೇಳಿರಲಿಲ್ಲ. ನಾನೇ ಹೇಳಬೇಕಾಯಿತು. ಅವಳು ಅಳಲಿಲ್ಲ, ಬಟ್ಟೆ ಬಿಚ್ಚಿ ಮಡಚಿಟ್ಟಳು. ದೊಡ್ಡವಳು, “ಹಾಗಾದ್ರೆ ನಾನೂ ಹೋಗಲ್ಲ” ಎಂದಳು. ಹೆಮ್ಮೆಯಿಂದ ನನ್ನ ಎದೆ ಉಬ್ಬಿತು. ಆ ಸೀಟು ಬೇಡವೆಂದು ಹೇಳಿಬರುತ್ತೇನೆ, ತಿಂಗಳ ಕೊನೆಯವರೆಗೆ ಗಡುವಿದೆ. ಟೀಚರಮ್ಮನ ಕೈಕಾಲು ಹಿಡಿದಾದರೂ ಇಬ್ಬರನ್ನೂ ಬೀದಿ ಶಾಲೆಯಲ್ಲೇ ಮುಂದುವರಿಸುತ್ತೇನೆ. ನೀನು ಹೂಂ ಅಂದರೆ ಸಾಕು.

ನಿನ್ನ ಸೊಂಟಕ್ಕೂ ಮನಸ್ಸಿಗೂ ದೇವರು ಬಲ ಕೊಡಲಿ. ಮಕ್ಕಳು ನಿನಗೆ ಮುತ್ತು ಕಳಿಸಿದ್ದಾರೆ, ದೊಡ್ಡವಳೇ ಇಬ್ಬರ ಪರವಾಗಿಯೂ ಹೇಳಿದಳು.

ಇಂತು,
ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಚಿಕ್ಕವಳು ಒಬ್ಬಳೇ ಬಂದು ಮಷಿನ್ ಪಕ್ಕ ಕೂತಳು. “ಅಜ್ಜಿ, ಅಕ್ಕನಿಗೆ ಆ ಶಾಲೆಗೆ ಹೋಗೋಕೆ ತುಂಬಾ ಆಸೆ ಇದೆ. ನನಗೆ ಬೇಜಾರಾಗತ್ತೆ ಅಂತ ಹೇಳ್ತಿಲ್ಲ. ನೀನು ಅಮ್ಮಂಗೆ ಬರಿ” ಎಂದಳು. ಅಕ್ಕನ ಪಾಲಿನ ಮಾತನ್ನು ಇವಳು ಆಡಿದ್ದು ಇದೇ ಮೊದಲು ಕಣೇ! ಮೇಲೆ ಬರೆದದ್ದನ್ನು ಹೊಡೆದುಹಾಕಲೋ ಬೇಡವೋ ತಿಳಿಯುತ್ತಿಲ್ಲ. ನೀನೇ ಹೇಳು ತಾಯಿ, ಒಬ್ಬಳನ್ನೇ ಕಳಿಸಲೇ?