ಎಂಬತ್ತಾರು ಸೆಂಟಿಮೀಟರ್ ಎದೆ

ಜನವರಿ 8, ಗುರುವಾರ. ಬೆಳಿಗ್ಗೆ 7.30
ಫ್ಲಾಟ್ ಬೆಂಚ್ ಮೇಲೆ ಮಲಗಿ ಬಾರ್ ಎತ್ತುವುದು ಮುಗಿಯಿತು. 50 ಕೆ.ಜಿ., ಎಂಟೆಂಟರ ಮೂರು ಸೆಟ್. ಭುಜ ಬಿಗಿದಿದೆ. ನವಲಗುಂದದ ಈ ಜಿಮ್‌ನಲ್ಲಿ ಬೆಳಿಗ್ಗೆ ನಾವಿಬ್ಬರೇ — ನಾನು, ಇಲಿಯಾಸ್. ಕೀಲಿ ಅವನ ಹತ್ತಿರ. ಮಾರ್ಚ್‌ನಲ್ಲಿ ಇಬ್ಬರಿಗೂ ಪೊಲೀಸ್ ದೈಹಿಕ ಪರೀಕ್ಷೆ. ಉಸಿರೆಳೆದಾಗ ಎದೆ 86 ಸೆಂ.ಮೀ. ಬರಬೇಕು. ನನಗೆ 88. ಅವನಿಗೆ 84. ಟೇಪ್ ಹಿಡಿದು 85 ಎಂದು ಸುಳ್ಳು ಹೇಳಿದೆ. ಗೊತ್ತಾಯಿತು ಅವನಿಗೆ. ನಕ್ಕ.

ಜನವರಿ 12
ಎದೆಗೆ ಯಾವ ಪ್ರೆಸ್ ಒಳ್ಳೆಯದು ಎಂದು ವಾದ. ಇನ್‌ಕ್ಲೈನ್ (ಓರೆ ಬೆಂಚ್) ಮಾಡಿದರೆ ಎದೆಯ ಮೇಲ್ಭಾಗ ತುಂಬುತ್ತದೆ. ಡಂಬಲ್ ಆದರೆ ಕೈ ಚೆನ್ನಾಗಿ ಕೆಳಗಿಳಿಯುತ್ತದೆ, ಸೋತರೆ ಪಕ್ಕಕ್ಕೆ ಬಿಟ್ಟುಬಿಡಬಹುದು. ಅವನಿಗೆ ಡಂಬಲ್ಲೇ ಬೇಕು. ನಾನು ಒಪ್ಪಲಿಲ್ಲ. ಪರೀಕ್ಷೆಗೆ ಎರಡು ತಿಂಗಳೂ ಇಲ್ಲ, ಬಾರ್‌ನಲ್ಲೇ ತೂಕ ಏರಿಸು ಎಂದೆ.
“ನೀ ಹಿಂದ ನಿಂತಿದ್ರ ನಾ ಎಷ್ಟಾದ್ರೂ ಎತ್ತತೇನಿ ಲೇ,” ಅಂದ.

ಜನವರಿ 24
60 ಕೆ.ಜಿ. ಆರನೆಯದಕ್ಕೆ ಅವನ ಕೈ ನಡುಗಿತು. ಬಾರ್ ಕೆಳಗೆ ಎರಡು ಬೆರಳು ಇಟ್ಟೆ, ಅಷ್ಟೇ. ಎದ್ದಿತು. ಎದೆ 85 — ಈ ಸಲ ನಿಜ. ಅವನ ತಾಯಿ ಜಮಾಲಬಿ ಮನೆಗೆ ಕರೆದು ಇಬ್ಬರಿಗೂ ತತ್ತಿ ಬೇಯಿಸಿ ಕೊಟ್ಟರು.

ಫೆಬ್ರವರಿ 19
ಇಷ್ಟು ದಿನ ಬರೆಯಲಾಗಲಿಲ್ಲ. ಬರೆಯಬೇಕು.
ಜನವರಿ 30. ಬೆಳಿಗ್ಗೆ ಆರಕ್ಕೆ ಅವನ ಫೋನ್. ಚಳಿ ಇತ್ತು. ಕಟ್ ಮಾಡಿ ಮಲಗಿದೆ. ಮತ್ತೆ ಬಂತು. ಮತ್ತೆ ಕಟ್. ಒಬ್ಬನೇ 65 ಹಾಕಿಕೊಂಡಿದ್ದಾನೆ... ಏಳೂವರೆಗೆ ಹೋಗಿ ನೋಡಿದವನು ನಾನೇ. ಬಾರ್ ಕತ್ತಿನ ಮೇಲಿತ್ತು. ಎತ್ತಿಟ್ಟೆ. ಮೈ ತಣ್ಣಗಾಗಿತ್ತು.
ಡಂಬಲ್ ಆಗಿದ್ದರೆ ಬಿಟ್ಟುಬಿಡುತ್ತಿದ್ದ. ಬಾರ್ ನಾನು ಆರಿಸಿದ್ದು.
ಆ ದಿನ ನನಗೆ ಜ್ವರ ಬಂದಿತ್ತು ಎಂದು ಎಲ್ಲರಿಗೂ ಹೇಳಿದ್ದೇನೆ.

ಮಾರ್ಚ್ 5, ಧಾರವಾಡ
ಟೇಪ್ ಸುತ್ತಿ ಉಸಿರು ಎಳೆಯಿರಿ ಎಂದರು. ಆಗಲಿಲ್ಲ. ಎರಡನೇ ಸಲ ಎಳೆದೆ. 87. ಪಾಸ್. ಅವನ ಹೆಸರನ್ನೂ ಕೂಗಿದರು. ಮೂರು ಸಲ. ಆಮೇಲೆ ಗೈರುಹಾಜರು ಎಂದು ಬರೆದುಕೊಂಡರು.

ಮಾರ್ಚ್ 8, ಭಾನುವಾರ. ಸಂಜೆ
ಜಮಾಲಬಿ ಚಾಚಿಯ ಮನೆಗೆ ಹೋದೆ. ಅಕ್ಕಿ ಆರಿಸುತ್ತಿದ್ದರು. ಎಲ್ಲ ಹೇಳಿದೆ — ಫೋನ್, ನಿದ್ದೆ, ಜ್ವರದ ಸುಳ್ಳು. ಮೊರ ಕೆಳಗಿಟ್ಟರು.
“ಎರಡ ಸಲ ಫೋನ್ ಹಚ್ಚಿದ್ನೇನು?”
“ಹೌದ್ರಿ ಚಾಚಿ.”
ಮೊರದ ಅಕ್ಕಿಯನ್ನು ಕೈಯಿಂದ ಸಮ ಮಾಡಿದರು.
“ಭೀಮಶಿ, ನೀ ಹಿಂದಿಂದ ಬಂದ ಬರ್ತಿ ಅಂತ ತಿಳದ ಎತ್ತಿರಬೇಕು ಅವಾ. ಮುಂಜಾನಿ ಹೋಗುವಾಗ ನಿನ್ನ ಹೆಸರು ಹೇಳೇ ಹೋದ.” ಧ್ವನಿ ಏರಲಿಲ್ಲ. “ಇನ್ನ ಈ ಮನಿಗೆ ಬರಬ್ಯಾಡಪಾ. ನಿನ್ನ ನೋಡಿದ್ರ ಅವಾ ಬಂದಾಂಗ ಆಕ್ಕತಿ.”
ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಹೊರಗೆ ಬಂದು ಚಪ್ಪಲಿ ಹಾಕಿಕೊಂಡೆ. ಗಲ್ಲಿ ತಿರುವಿನ ತನಕ ನಡೆದೆ, ಅಲ್ಲಿ ನಿಂತು ಫೋನ್ ತೆಗೆದು ಅವನ ಆ ಎರಡು ಕರೆಗಳನ್ನು ನೋಡಿದೆ.