ಗೋಧಿಯ ಹಣೆಗೆ ವಿಭೂತಿ

ಆಸ್ಪತ್ರೆಯ ವರಾಂಡ, ಕೋಠಿ
ಫೆಬ್ರವರಿ 19, ಬುಧವಾರ, ಮಧ್ಯಾಹ್ನ

ಅವ್ವನಿಗೆ ಕಾವ್ಯಾಳ ಶರಣು.

ಮೊದಲು ನೀನು ಕೊಟ್ಟ ಮಾತುಗಳನ್ನು ಬರೆಯುತ್ತೇನೆ. ಕಸಗುಡಿಸುವವರ ಸಂಘದ ಪರವಾಗಿ ಮನವಿ ಬರೆದು ಬರೆದು ನನ್ನ ಕೈಗೆ ಇದೇ ರೂಢಿ. ನಾನು ಸೀತಾರಾಮನನ್ನು ಮದುವೆಯಾದ ದಿನ, ಒಂದು ವರ್ಷದಲ್ಲಿ ಸಿಟ್ಟು ಇಳಿಯುತ್ತದೆ ಎಂಬುದು ನಿನ್ನ ಮಾತು. ಏಳು ವರ್ಷವಾಯಿತು. ಬಾಣಂತನ ಮಾಡುವೆನೆಂಬುದು ಎರಡನೆಯದು. ನೀನು ಬರಲಿಲ್ಲ. ಮೊಮ್ಮಗಳ ಕೊರಳಿಗೆ ಲಿಂಗ ಕಟ್ಟಿಸುವೆನೆಂಬುದು ಮೂರನೆಯದು. ಅಪ್ಪನ ಜಾತಿ ಬೇರೆಯಾದ ಕೂಸಿಗೆ ಯಾವ ಲಿಂಗ ಎಂದು ಯಾರೋ ಕೇಳಿದ ಮೇಲೆ ಅದೂ ನಿಂತಿತು. ಮೊಟ್ಟೆ ಬೇಯುವ ಮನೆಯಲ್ಲಿ ನೀರು ಸಹ ಮುಟ್ಟುವುದಿಲ್ಲ ಎಂದಿದ್ದೆಯಲ್ಲ, ಆ ಮಾತೊಂದನ್ನು ಮಾತ್ರ ತಪ್ಪದೆ ನಡೆಸಿದ್ದೀ.

ಜಗಳಕ್ಕೆ ಬರೆಯುತ್ತಿಲ್ಲ, ಅವ್ವ. ಹೆದರಿ ಬರೆಯುತ್ತಿದ್ದೇನೆ. ನನ್ನ ಧ್ವನಿ ಕೇಳಿದರೆ ನೀನು ಫೋನು ಇಡುತ್ತೀ, ಅದಕ್ಕೆ ಕಾಗದ. ನಿನ್ನ ಮೊಮ್ಮಗಳು ಲಹರಿಗೆ ನಾಲ್ಕು ದಿನದಿಂದ ಜ್ವರ. ಒಬ್ಬಳನ್ನೇ ಗಾಜಿನ ಬಾಗಿಲಿನ ಕೋಣೆಯಲ್ಲಿ ಮಲಗಿಸಿದ್ದಾರೆ. ನಾನು ಒಳಗೆ ಹೋಗಬೇಕಾದರೆ ಕಣ್ಣಷ್ಟೇ ಬಿಟ್ಟು ಮೈಯೆಲ್ಲ ಮುಚ್ಚಿಕೊಳ್ಳಬೇಕು. ಸಂಘದ ಧರಣಿಯಲ್ಲಿ ಲಾಠಿ ಕಂಡಾಗಲೂ ನಾನು ಹೀಗೆ ಹೆದರಿರಲಿಲ್ಲ.

ಇದು ಕೋಳಿಯಿಂದ ಬಂದದ್ದು. ಹೌದು, ಕೋಳಿ. ಪಂಚಮಿ ಹಬ್ಬದ ಮರುವಾರ ಶಂಶಾಬಾದಿನ ನಮ್ಮ ಹಿತ್ತಲಿಗೆ ಆರು ಮರಿಗಳು ಬಂದವು. ಯಾರು ತಂದರೆಂದು ಕೇಳಬೇಡ. ನಮ್ಮ ವಂಶದಲ್ಲಿ ಕೋಳಿ ಸಾಕಿದವಳು ನಾನೇ ಮೊದಲು. ಮುಂಗುಸಿಗೆ ಹೆದರಿದೆ, ಬೆಕ್ಕಿಗೆ ಹೆದರಿದೆ, ಏರ್‌ಪೋರ್ಟಿನ ಮೇಲೆ ಸುತ್ತುವ ಹದ್ದಿಗೆ ಹೆದರಿ ಸೀತಾರಾಮನ ಕೈಯಲ್ಲಿ ಹಿತ್ತಲಿಗೆಲ್ಲ ಬಲೆ ಕಟ್ಟಿಸಿದೆ. ವಿಮಾನ ಹಾರಿದಾಗಲೆಲ್ಲ ಆರೂ ಒಟ್ಟಿಗೆ ತಲೆ ವಾರೆ ಮಾಡಿ ಮೇಲೆ ನೋಡುತ್ತಿದ್ದವು. ಲಹರಿಯೂ ಅವುಗಳ ಸಾಲಿನಲ್ಲಿ ಕೂತು ಹಾಗೇ ನೋಡುತ್ತಿದ್ದಳು. ಗೋಧಿ ಬಣ್ಣದ್ದಕ್ಕೆ ಗೋಧಿ ಅಂತಲೇ ಹೆಸರಿಟ್ಟಳು. ಸಂಕ್ರಾಂತಿಯ ಮಾರನೆಯ ದಿನ ಗೋಧಿ ಮೊದಲ ಮೊಟ್ಟೆ ಇಟ್ಟಿತು. ಲಹರಿ ಅದನ್ನು ಕೆನ್ನೆಗೆ ಒತ್ತಿಕೊಂಡು, “ಅಮ್ಮಾ, ಬೆಚ್ಚಗ ಐತಿ, ಒಳಗ ಮಲಗೇತಿ, ಎಬ್ಬಿಸಬ್ಯಾಡ” ಅಂದಳು. ನಾನು ಈಗಲೂ ಮೊಟ್ಟೆ ತಿನ್ನುವುದಿಲ್ಲ. ಆದರೆ ಅವತ್ತು ನನಗಾದ ಸುಖವನ್ನು ನಿನ್ನೆದುರು ಮುಚ್ಚಿಡಲಾರೆ.

ಫೆಬ್ರವರಿ ಹತ್ತು, ಸೋಮವಾರ. ಗೋಧಿ ಎದ್ದು ನಿಲ್ಲಲಿಲ್ಲ. ತಲೆಯ ಕೆಂಪು ಜುಟ್ಟು ನೇರಳೆಗೆ ತಿರುಗಿತ್ತು. ಕೊಕ್ಕಿನಿಂದ ಜೊಲ್ಲು ಸುರಿಯುತ್ತಿತ್ತು. ಲಹರಿ ತನ್ನ ಫ್ರಾಕಿನಿಂದ ಒರೆಸುತ್ತಾ ಕೂತಳು. ಮಧ್ಯಾಹ್ನದ ಹೊತ್ತಿಗೆ ಅವಳ ತೊಡೆಯ ಮೇಲೆಯೇ ಸತ್ತಿತು.

ಆಮೇಲೆ ನಮ್ಮಂಥವರು ಮಾತ್ರ ಮಾಡಬಹುದಾದ ಕೆಲಸ ಮಾಡಿದೆವು. ನಮ್ಮಲ್ಲಿ ಸತ್ತವರಿಗೆ ಮಾಡುವುದನ್ನೇ ಅದಕ್ಕೂ ಮಾಡಿದೆವು. ಬರಿಗೈಯಲ್ಲಿ ಮೈ ತೊಳೆದು, ಹಣೆಗೆ ವಿಭೂತಿ ಎಳೆದು, ಪತ್ರಿ ಇಟ್ಟು, ಕಾಲು ಮಡಚಿ ಕುಣಿಯಲ್ಲಿ ಕುಳ್ಳಿರಿಸಿ ಮಣ್ಣು ಕೊಟ್ಟೆವು. ವಿಭೂತಿ ನಿನ್ನದೇ. ಮನೆ ಬಿಡುವಾಗ ನಿನ್ನ ಪೂಜೆಯ ಜಗಲಿಯಿಂದ ತಂದ ಗಟ್ಟಿ. ಬುಧವಾರ ಒಂದು, ಗುರುವಾರ ಎರಡು ಸತ್ತವು. ಅವಕ್ಕೂ ಹಾಗೇ ಮಾಡಿದೆ. ಸೀತಾರಾಮ ಕುಣಿ ತೋಡಿದ, ಲಹರಿ ಒಂದೊಂದನ್ನೂ ಎತ್ತಿ ಕೊಟ್ಟಳು.

ಶುಕ್ರವಾರ ಅತ್ತೆ ವನಜಮ್ಮ ತಮ್ಮ ಹಳ್ಳಿಯಿಂದ ಬಂದರು. ನಲವತ್ತು ವರ್ಷ ಕೋಳಿ ಸಾಕಿದವರು. ಹಿತ್ತಲಲ್ಲಿ ಸಾಲಾಗಿ ಮಣ್ಣು ಕೊಟ್ಟ ನಾಲ್ಕು ಗದ್ದುಗೆ ಕಂಡರು. ಇಷ್ಟು ಓದಿದವಳು, ರೋಗದಿಂದ ಸತ್ತ ಕೋಳಿಯನ್ನು ಕೂಸಿನ ಕೈಗೆ ಕೊಡುತ್ತಾರೇನೇ ಎಂದು ತೆಲುಗಿನಲ್ಲಿ ಕೇಳಿದರು. ಪಶು ಇಲಾಖೆಗೆ ಫೋನು ಮಾಡಿಸಿದವರೂ ಅವರೇ. ನಮ್ಮ ಜಾತಿ ಕೋಳಿ ಮುಟ್ಟಬೇಡ ಎಂದು ಕಲಿಸಿತು, ಅವ್ವ. ಸತ್ತ ಪ್ರಾಣಿಯನ್ನು ಹೇಗೆ ಮುಟ್ಟಬೇಕು ಎಂದು ಕಲಿಸಲಿಲ್ಲ. ಆ ಕೆಲಸವನ್ನು ತಲೆತಲಾಂತರದಿಂದ ಬೇರೆಯವರ ಕೈಗೆ ನೂಕಿ, ಆ ಕೈಗಳನ್ನೇ ಹೊಲಸು ಎಂದಿತು. ಭಾಷಣದಲ್ಲಿ ಇದನ್ನು ನೂರು ಸಲ ಹೇಳಿದ್ದೇನೆ. ಸೊಸೆಯಾಗಿ ಏಳು ವರ್ಷವಾದರೂ, ಅತ್ತೆಗೆ ಒಂದು ಫೋನು ಮಾಡಿ ಕೇಳಬೇಕೆಂದು ನನಗೆ ಹೊಳೆಯಲಿಲ್ಲ.

ಶನಿವಾರ ಬಿಳಿ ಅಂಗಿಯವರು ಬಂದರು. ಗದ್ದುಗೆ ಅಗೆದು, ಉಳಿದೆರಡನ್ನು ಕೊಂದು, ಸುಣ್ಣ ಸುರಿದರು. ಹಕ್ಕಿ ಜ್ವರವೆಂದು ಖಾತ್ರಿಯಾದ ಮೇಲೆ ಸುತ್ತಲಿನ ಓಣಿಗಳ ಕೋಳಿಗಳೂ ಹೋದವು. ಪಕ್ಕದ ಮನೆಯ ಸುಮತಿ, ಬೀದರಿನವರು, ಹದಿನಾಲ್ಕು ಸಾಕಿದ್ದರು. ಖಾಲಿ ಬುಟ್ಟಿ ಹಿಡಿದು ನಮ್ಮ ಗೇಟಿಗೆ ಬಂದು, “ಬರಲಾರದ ಕೆಲಸಕ್ಕ ಯಾಕ ಕೈ ಹಾಕಿದ್ರಿ ಕಾವ್ಯಾ?” ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಭಾನುವಾರ ಬೆಳಿಗ್ಗೆ ಲಹರಿಯ ಮೈ ಸುಡುತ್ತಿತ್ತು.

ಮನುಷ್ಯರಿಗೆ ಇದು ಅಂಟುವುದು ತೀರಾ ಕಡಿಮೆ ಎಂದು ಡಾಕ್ಟರಮ್ಮ ಹೇಳುತ್ತಾರೆ. ಹೇಳುವಾಗ ನನ್ನ ಮುಖ ನೋಡುವುದಿಲ್ಲ. ಗಂಟಲಿನ ದ್ರವ ಪರೀಕ್ಷೆಗೆ ಹೋಗಿದೆ, ಶುಕ್ರವಾರ ತಿಳಿಯುತ್ತದೆ. ಕೋಳಿಗಳನ್ನು ಬರಿಗೈಯಲ್ಲಿ ಮುಟ್ಟಿದವರು ಯಾರ‍್ಯಾರು ಎಂದು ಕೇಳಿದರು. ಲಹರಿ, ನಾನು, ಸೀತಾರಾಮ, ಮೂರು ಹೆಸರು ಬರೆಸಿದೆ. ಮತ್ತೆ ಯಾರೂ ಇಲ್ಲವೇ ಎಂದು ಎರಡು ಸಲ ಕೇಳಿದರು. ಇಲ್ಲ ಎಂದೆ.

ಇಂದು ಬೆಳಿಗ್ಗೆ ಲಹರಿ ನನ್ನ ರಬ್ಬರಿನ ಕೈಗವಸು ಹಿಡಿದುಕೊಂಡು ಕೇಳಿದಳು: “ಅಮ್ಮಾ, ನನ್ನೂ ಕುಂಡರಿಸಿ ಮಣ್ಣು ಹಾಕತೀರೇನು?”

ನಾನು ಹೊರಗೆ ಓಡಿಬಂದೆ. ಆರು ವರ್ಷದ ಕೂಸಿನ ಕೈ ಬಿಡಿಸಿಕೊಂಡು ಓಡಿಬಂದೆ. ಅವ್ವ, ಒಂದು ಸಲ ಬಾ. ಗಾಜಿನ ಆಚೆಯಾದರೂ ನಿಂತುಕೋ. ಇಲ್ಲಿಯ ನೀರು ನಮ್ಮ ಮನೆಯದಲ್ಲ, ಮುಟ್ಟಬಹುದು.

ನಿನಗೆ ಬೇಡವಾದರೂ ನಿನ್ನವಳೇ ಆದ
ಕಾವ್ಯಾ

ಸಹಿ ಹಾಕಿದ ಮೇಲೆ ಬರೆದದ್ದು:

ಅವ್ವ, ಮುಟ್ಟಿದವರು ನಾಲ್ವರು. ಹೇಳುವುದಿಲ್ಲ ಎಂದು ಆಣೆ ಇಟ್ಟಿದ್ದೆ, ಈಗ ಮುರಿಯುತ್ತಿದ್ದೇನೆ. ಅಪ್ಪ ನಾಲ್ಕು ವರ್ಷದಿಂದ ಪ್ರತಿ ಸೋಮವಾರ ಮಠಕ್ಕೆಂದು ಹೊರಟು ನಮ್ಮ ಮನೆಗೆ ಬರುತ್ತಿದ್ದಾರೆ. ಆರು ಮರಿಗಳನ್ನು ತಂದವರೂ ಅವರೇ, ನಿನ್ನ ಪಂಚಮಿ ಸೀರೆಯ ಚೀಲದಲ್ಲಿ ಮುಚ್ಚಿಟ್ಟುಕೊಂಡು, ಬಸ್ಸಿನಲ್ಲಿ. ಗೋಧಿಯ ಮೈ ತೊಳೆದು ವಿಭೂತಿ ಎಳೆದದ್ದು ಅವರ ಕೈ. ಕೂಸು ಅಳುವುದನ್ನು ನೋಡಲಾರದೆ, “ನಮ್ಮವರಿಗೆ ಮಾಡಿದಂಗ ಮಾಡೂಣು, ತಂಗೆವ್ವ” ಅಂದರು.

ಈ ಸೋಮವಾರ ಅವರು ಬರಲಿಲ್ಲ. ಗಂಟಲು ಕಟ್ಟಿದೆ ಎಂದು ಫೋನಿನಲ್ಲಿ ಹೇಳಿದರು, ನಿನಗೆ ಅದನ್ನು ಹೇಳಿಲ್ಲವಂತೆ. ನಿನ್ನೆಯಿಂದ ಅವರ ಫೋನು ಬಂದ್ ಇದೆ. ಈಗಷ್ಟೇ ಎದ್ದು ಹೋಗಿ ಡಾಕ್ಟರಮ್ಮನ ಬಳಿ ನಾಲ್ಕನೆಯ ಹೆಸರು ಬರೆಸಿ ಬಂದೆ: ಕಲ್ಯಾಣಪ್ಪ, ಅರವತ್ತೇಳು ವರ್ಷ, ಕೂಕಟ್‌ಪಲ್ಲಿ.

ಈ ಕಾಗದ ತಂದು ಕೆಳಗೆ ನಿಂತವನು ಸೀತಾರಾಮ. ಅಪ್ಪನ ಹಣೆ ಮುಟ್ಟಿ ನೋಡು. ಉಸಿರು ಕಷ್ಟಪಟ್ಟು ಎಳೆದುಕೊಳ್ಳುತ್ತಿದ್ದರೆ ಈಗಲೇ ಅವನ ಜೊತೆ ಹೊರಡಿ. ಇಲ್ಲವಾದರೆ ಇಬ್ಬರೂ ಮೂಗು ಬಾಯಿ ಮುಚ್ಚಿಕೊಂಡು ಬನ್ನಿ. ಹಿಂದಿನ ಗೇಟಿನಲ್ಲಿ ನಾನಿರುತ್ತೇನೆ. ನಾಳೆ, ಗುರುವಾರ, ಬೆಳಿಗ್ಗೆ ಎಂಟು ಗಂಟೆಗೆ.